ಹಿತ್ತಲ ಕೋಳಿಯ ಲೆಕ್ಕ: ಬಿಟ್ಟು ಮೇಯಿಸುವ ಸಾಕಣೆಗೆ ಒಂದು ಮಾರ್ಗದರ್ಶಿ

2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಸುಮಾರು 85 ಕೋಟಿ ಸಾಕುಹಕ್ಕಿಗಳಲ್ಲಿ 31.7 ಕೋಟಿಯಷ್ಟು ಮನೆಗಳ ಹಿತ್ತಲಲ್ಲೇ ಬೆಳೆಯುತ್ತಿದ್ದವು. 2012ರ ಗಣತಿಗೆ ಹೋಲಿಸಿದರೆ ಈ ಹಿತ್ತಲ ಹಕ್ಕಿಗಳ ಸಂಖ್ಯೆ ಶೇ. 45ಕ್ಕೂ ಹೆಚ್ಚು ಏರಿತ್ತು. ದೊಡ್ಡ ಫಾರಂಗಳು ಊರೂರಿಗೂ ಬಂದ ಮೇಲೂ ಇದು ಕುಗ್ಗದೆ ಬೆಳೆದದ್ದಕ್ಕೆ ಮುಖ್ಯ ಕಾರಣ ಮೇವಿನ ಖರ್ಚು. ಫಾರಂ ಕೋಳಿಯ ಉತ್ಪಾದನಾ ವೆಚ್ಚದಲ್ಲಿ ಶೇ. 60ರಿಂದ 70ರಷ್ಟು ಆಹಾರಕ್ಕೇ ಹೋಗುತ್ತದೆ; ಬಿಟ್ಟು ಮೇಯಿಸಿದ ಕೋಳಿ ಆ ಆಹಾರದ ದೊಡ್ಡ ಪಾಲನ್ನು ತಿಪ್ಪೆ, ತೋಟ, ಕಣ, ಕೊಟ್ಟಿಗೆಗಳಲ್ಲಿ ತಾನೇ ಕೆದಕಿ ಹುಡುಕಿಕೊಳ್ಳುತ್ತದೆ.

ಈ ಸಾಕಣೆಯ ಲಾಭವೆಲ್ಲ ಆ ಪುಕ್ಕಟೆ ಮೇವಿನಿಂದಲೇ ಬರುವಂಥದ್ದು. ಆದ್ದರಿಂದ ಎಷ್ಟು ಕೋಳಿ ಸಾಕಬೇಕೆಂಬುದನ್ನು ನಮ್ಮ ಆಸೆಗಿಂತ ಮೊದಲು ನಮ್ಮ ಹಿತ್ತಲು ನಿರ್ಧರಿಸುತ್ತದೆ. ಆರು ಕೋಳಿಯಿಂದ ಕೈಗೆ ನಾಲ್ಕು ಕಾಸು ಸಿಕ್ಕಿತೆಂದು ಅರವತ್ತು ತಂದು ಬಿಟ್ಟರೆ ಹುಳುಹುಪ್ಪಟೆ ಹತ್ತು ಪಟ್ಟಾಗುವುದಿಲ್ಲ; ಉಳಿದ ಹೊಟ್ಟೆಗಳಿಗೆಲ್ಲ ಚೀಲದ ಮೇವು ಸುರಿಯಬೇಕಾಗುತ್ತದೆ. ಆಗ ನಮ್ಮದು ಅರೆಬರೆ ವ್ಯವಸ್ಥೆಯ ಫಾರಂ ಆಗುತ್ತದೆಯೇ ಹೊರತು ಹಿತ್ತಲ ಕೋಳಿ ಸಾಕಣೆಯಾಗಿ ಉಳಿಯುವುದಿಲ್ಲ. ಈ ಲೇಖನದ ಹಂತಗಳನ್ನೆಲ್ಲ ಈ ಒಂದು ಮಿತಿಯನ್ನು ಎದುರಿಗಿಟ್ಟುಕೊಂಡೇ ಹೇಳಲಾಗಿದೆ.

ಮೊದಲ ಹಂತ: ಜಾಗವನ್ನು ಓದುವುದು

ಕೋಳಿ ತರುವ ಮೊದಲು ಮನೆಯ ಸುತ್ತ ಒಂದು ಸುತ್ತು ಹಾಕಿ, ಕೋಳಿಗೆ ತಿನ್ನಲು ಏನೇನು ಸಿಗುತ್ತದೆಂದು ನೋಡಬೇಕು. ಹಸುಗಳಿರುವ ಮನೆಯಲ್ಲಿ ತಿಪ್ಪೆಯೊಂದೇ ದೊಡ್ಡ ಮೇವಿನ ಕಣಜ. ಅದರೊಳಗಿನ ಹುಳು, ಗೊಬ್ಬರದ ಹುಳುವಿನ ಮರಿ, ದನಗಳ ಹೊಟ್ಟೆಯಲ್ಲಿ ಜೀರ್ಣವಾಗದೆ ಬಂದ ಕಾಳು ಎಲ್ಲವೂ ಕೋಳಿಗೆ ಆಹಾರ. ಅಡಿಕೆ ಮತ್ತು ತೆಂಗಿನ ತೋಟಗಳಲ್ಲಿ ಕೊಳೆತ ಸೋಗೆಯಡಿ ಗೆದ್ದಲು, ಎರೆಹುಳು ಸಿಗುತ್ತವೆ. ರಾಗಿ, ಜೋಳ ಬೆಳೆಯುವ ಬಯಲುಸೀಮೆಯಲ್ಲಿ ಸುಗ್ಗಿಯ ನಂತರದ ಎರಡು ಮೂರು ತಿಂಗಳು ಕಣದ ಸುತ್ತ ಸಮೃದ್ಧಿಯಿರುತ್ತದೆ, ಬೇಸಿಗೆಯಲ್ಲಿ ಏನೂ ಇರುವುದಿಲ್ಲ. ಕೋಳಿಗಳ ಸಂಖ್ಯೆಯನ್ನು ಈ ಬರಗಾಲದ ತಿಂಗಳುಗಳಿಗೆ ಹೊಂದಿಸಬೇಕೇ ಹೊರತು ಸುಗ್ಗಿಯ ತಿಂಗಳುಗಳಿಗಲ್ಲ.

ಹೊಸಬರು ಐದಾರು ಹ್ಯಾಟೆ ಮತ್ತು ಒಂದು ಹುಂಜದಿಂದ ಆರಂಭಿಸುವುದು ಕ್ಷೇಮ. ಆಮೇಲೆ ಹೆಚ್ಚಿಸಬಹುದೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಸಂಜೆ ಕೋಳಿ ಗೂಡು ಸೇರುವ ಹೊತ್ತಿಗೆ, ಇನ್ನೂ ಏನನ್ನೂ ಹಾಕದೆ, ಎರಡು ಮೂರು ಕೋಳಿಗಳನ್ನು ಹಿಡಿದು ಕತ್ತಿನ ಬುಡದಲ್ಲಿ, ಎದೆಯ ಮೇಲ್ಭಾಗದಲ್ಲಿರುವ ಮೇವಿನ ಚೀಲವನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಅದು ತುಂಬಿ ದುಂಡಗಿದ್ದರೆ ಹಿತ್ತಲು ಇನ್ನೂ ಕೆಲವು ಕೋಳಿಗಳನ್ನು ಸಾಕಬಲ್ಲದು. ಅರ್ಧ ತುಂಬಿದ್ದರೆ ಸಂಖ್ಯೆ ಸರಿಯಾಗಿದೆ, ಸ್ವಲ್ಪ ಕಾಳು ಸೇರಿಸಬೇಕು. ಜೋತುಬಿದ್ದು ಖಾಲಿಯಿದ್ದರೆ ಕೋಳಿಗಳು ಹೆಚ್ಚಾಗಿವೆ. ಗೂಡಿನ ಸುತ್ತಲಿನ ನೆಲದಲ್ಲಿ ಒಂದು ಹುಲ್ಲುಕಡ್ಡಿಯೂ ಉಳಿಯದೆ ಬೋಳಾಗಿರುವುದು ಅದೇ ಮಾತನ್ನು ಇನ್ನೊಂದು ರೀತಿಯಲ್ಲಿ ಹೇಳುತ್ತದೆ.

ಕೋಳಿಯಿಂದ ಆಗುವ ಹಾನಿಯನ್ನೂ ಈ ಹಂತದಲ್ಲೇ ಯೋಚಿಸಬೇಕು. ಸೊಪ್ಪಿನ ಮಡಿ, ಸಸಿಮಡಿ, ಆಗತಾನೇ ನೆಟ್ಟ ಮೆಣಸಿನ ಬಳ್ಳಿಯ ಬುಡ, ಒಣಗಲು ಹರವಿದ ಧಾನ್ಯ ಇವು ಕೋಳಿಯ ಕಾಲಿಗೆ ಸಿಕ್ಕರೆ ಉಳಿಯುವುದಿಲ್ಲ. ಕೋಳಿಯನ್ನು ಕಟ್ಟಿಹಾಕಲು ಸಾಧ್ಯವಿಲ್ಲದ್ದರಿಂದ ಬೇಲಿಯನ್ನು ತರಕಾರಿ ಮಡಿಯ ಸುತ್ತ ಹಾಕುವುದೇ ಅಗ್ಗ. ಪಕ್ಕದ ಮನೆಯವರ ಮಡಿಯೂ ಈ ಲೆಕ್ಕದಲ್ಲಿ ಸೇರಿದೆ. ಹಳ್ಳಿಗಳಲ್ಲಿ ಕೋಳಿಯ ನೆಪದಲ್ಲಿ ಶುರುವಾದ ಜಗಳ ಕೋಳಿ ಸತ್ತ ಮೇಲೂ ಮುಗಿಯುವುದಿಲ್ಲ.

ಎರಡನೆಯ ಹಂತ: ತಳಿಯ ಆಯ್ಕೆ

ಹಳೇ ಮೈಸೂರಿನ ಕಡೆ ನಾಟಿ ಎಂದೂ ಉತ್ತರ ಕರ್ನಾಟಕದಲ್ಲಿ ಜವಾರಿ ಎಂದೂ ಕರೆಯುವ ಊರ ಕೋಳಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆಗಿಂತ ಹೆಚ್ಚು ಇಡುವುದು ಅಪರೂಪ. ಒಂದೂವರೆ ಕಿಲೋ ತೂಗಲು ಅದಕ್ಕೆ ಆರು ತಿಂಗಳೇ ಬೇಕಾಗಬಹುದು. ಆದರೆ ಅದು ಕಾವು ಕೂರುತ್ತದೆ, ಮರಿಯನ್ನು ತಾನೇ ಸಾಕುತ್ತದೆ, ಹದ್ದಿನ ನೆರಳು ಕಂಡ ಕೂಡಲೇ ಪೊದೆ ಸೇರುತ್ತದೆ, ರಾತ್ರಿ ಬೇಕಾದರೆ ಮರವನ್ನೂ ಏರುತ್ತದೆ. ಮಾಂಸಕ್ಕೆ ಮಾರುಕಟ್ಟೆಯಲ್ಲಿ ಸಿಗುವ ಬೆಲೆಯೂ ಅದಕ್ಕೇ ಹೆಚ್ಚು.

ಸುಧಾರಿತ ತಳಿಗಳಲ್ಲಿ ನಮ್ಮ ರಾಜ್ಯದ್ದೇ ಆದ ಗಿರಿರಾಜ ಹೆಚ್ಚು ಪರಿಚಿತ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1980ರ ದಶಕದ ಕೊನೆಯಲ್ಲಿ ಇದನ್ನು ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಅದೇ ಹೆಬ್ಬಾಳದ ಕೇಂದ್ರದಿಂದ ಆಮೇಲೆ ಹೊರತಂದ ಸ್ವರ್ಣಧಾರ ಗಿರಿರಾಜಕ್ಕಿಂತ ಹೆಚ್ಚು ಮೊಟ್ಟೆ ಕೊಡುತ್ತದೆ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ ಮತ್ತು ಗ್ರಾಮಪ್ರಿಯ ತಳಿಗಳೂ ನಮ್ಮಲ್ಲಿ ಸಿಗುತ್ತವೆ. ವನರಾಜ ಮಾಂಸ ಮೊಟ್ಟೆ ಎರಡಕ್ಕೂ, ಗ್ರಾಮಪ್ರಿಯ ಮುಖ್ಯವಾಗಿ ಮೊಟ್ಟೆಗೆ. ಒಳ್ಳೆಯ ಆರೈಕೆಯಲ್ಲಿ ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಇಟ್ಟರೆ ಸ್ವರ್ಣಧಾರ 180ರ ಆಸುಪಾಸಿಗೆ ಹೋಗಬಲ್ಲದು.

ಆದರೆ ಈ ಕೋಳಿಗಳು ಕಾವು ಕೂರುವುದನ್ನು ನೆಚ್ಚಿಕೊಳ್ಳುವಂತಿಲ್ಲ. ಇವು ಮಿಶ್ರ ತಳಿಗಳಾದ್ದರಿಂದ ಇವುಗಳ ಮೊಟ್ಟೆಯಿಂದ ಮರಿ ಮಾಡಿದರೂ ತಾಯಿಯ ಗುಣಗಳು ಪೂರ್ತಿಯಾಗಿ ಬರುವುದಿಲ್ಲ, ಹಾಗಾಗಿ ಪ್ರತಿ ಸಲವೂ ಹೊಸ ಮರಿ ಕೊಳ್ಳಬೇಕು. ಭಾರದ ಮೈಯಾದ್ದರಿಂದ ನಾಯಿ ಅಟ್ಟಿಸಿಕೊಂಡು ಬಂದರೆ ಹಾರಲಾರವು. ಇನ್ನೊಂದು ವಿಷಯವನ್ನು ಮರಿ ಮಾರುವವರು ತಾವಾಗಿ ಹೇಳುವುದಿಲ್ಲ: ಹೆಣ್ಣು ಗಂಡು ಬೇರ್ಪಡಿಸದೆ ಕೊಡುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳೇ ಇರುತ್ತವೆ. ಮೂವತ್ತು ಮರಿ ತಂದವರು ಮೂವತ್ತು ಹ್ಯಾಟೆಯ ಮೊಟ್ಟೆಯನ್ನು ಲೆಕ್ಕ ಹಾಕಬಾರದು.

ನನ್ನ ಅಭಿಪ್ರಾಯದಲ್ಲಿ ಮಾಂಸಕ್ಕಾಗಿ ಮಾರುವವರು ನಾಟಿಯನ್ನೂ, ಮನೆಯಲ್ಲಿ ಮಕ್ಕಳಿದ್ದು ಮೊಟ್ಟೆ ಮುಖ್ಯವೆನ್ನುವವರು ಸ್ವರ್ಣಧಾರ ಅಥವಾ ಗ್ರಾಮಪ್ರಿಯವನ್ನೂ ಆರಿಸಿಕೊಳ್ಳುವುದು ಸರಿ. ಎರಡೂ ಇದ್ದರೆ ಇನ್ನೂ ಅನುಕೂಲ, ಏಕೆಂದರೆ ಕಾವಿಗೆ ಬಂದ ನಾಟಿ ಹ್ಯಾಟೆಯ ಕೆಳಗೆ ಬೇರೆ ಯಾವ ಮೊಟ್ಟೆ ಇಟ್ಟರೂ ಅದು ಮರಿ ಮಾಡಿಕೊಡುತ್ತದೆ. ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯ ಒಳ್ಳೆಯ ತಳಿ. ಆದರೆ ಅದರ ಕಪ್ಪು ಮಾಂಸಕ್ಕೆ ನಿಮ್ಮ ಊರಿನಲ್ಲಿ ಗಿರಾಕಿ ಇದ್ದಾರೆಂದು ಖಚಿತಪಡಿಸಿಕೊಳ್ಳದೆ ದುಬಾರಿ ಮರಿಗೆ ಹಣ ಹಾಕಬಾರದು.

ಮೂರನೆಯ ಹಂತ: ರಾತ್ರಿಯ ಗೂಡು

ಹಗಲೆಲ್ಲ ಹೊರಗೆ ಮೇಯುವ ಕೋಳಿಗೆ ಗೂಡು ಬೇಕಾಗುವುದು ರಾತ್ರಿ ಮಲಗಲು ಮತ್ತು ಮೊಟ್ಟೆ ಇಡಲು ಮಾತ್ರ. ಒಂದು ಕೋಳಿಗೆ ಒಂದೂವರೆಯಿಂದ ಎರಡು ಚದರಡಿ ಸಾಕು. ನೆಲದಿಂದ ಎರಡಡಿ ಎತ್ತರದಲ್ಲಿ ಕಲ್ಲಿನ ಅಥವಾ ಸಿಮೆಂಟಿನ ಕಂಬಗಳ ಮೇಲೆ ಕಟ್ಟಿದರೆ ತೇವ, ಇಲಿ, ಹಾವುಗಳ ಕಾಟ ಕಡಿಮೆ. ಉದ್ದದ ಬದಿ ಪೂರ್ವ ಪಶ್ಚಿಮವಾಗಿದ್ದರೆ ಬಿಸಿಲು ನೇರವಾಗಿ ಒಳಗೆ ನುಗ್ಗುವುದಿಲ್ಲ. ಮಾಡಿಗೆ ಹಳೆಯ ಮಂಗಳೂರು ಹೆಂಚು ಒಳ್ಳೆಯದು. ತಗಡು ಹಾಕಿದರೆ ಅದರ ಮೇಲೆ ತೆಂಗಿನ ಸೋಗೆ ಹೊದಿಸಬೇಕು. ಗೋಡೆಯ ಮೇಲ್ಭಾಗ ಗಾಳಿಯಾಡುವಂತೆ ತೆರೆದಿದ್ದು, ಅದಕ್ಕೆ ಬಲೆ ಹೊಡೆದಿರಬೇಕು.

ಖರ್ಚಿನಲ್ಲಿ ಕೈ ಬಿಗಿ ಹಿಡಿಯಬಾರದ ಜಾಗವೆಂದರೆ ಈ ಬಲೆಯೇ. ಅಂಗಡಿಯಲ್ಲಿ ಸಿಗುವ ತೆಳುವಾದ ಷಡ್ಭುಜದ ಕೋಳಿಬಲೆ ಕೋಳಿಯನ್ನು ಒಳಗಿಡುತ್ತದೆ, ಆದರೆ ನಾಯಿಯನ್ನೋ ಕಾಡುಬೆಕ್ಕನ್ನೋ ಹೊರಗಿಡುವುದಿಲ್ಲ. ಅದರ ದೊಡ್ಡ ಕಣ್ಣಿನಲ್ಲಿ ಮುಂಗುಸಿಯ ಮರಿ ಸಲೀಸಾಗಿ ತೂರುತ್ತದೆ. ಕೆಳಗಿನ ಎರಡಡಿಗಾದರೂ ಅರ್ಧ ಇಂಚಿನ ಕಣ್ಣಿನ ಬೆಸುಗೆ ಜಾಲರಿ ಹಾಕಬೇಕು. ಮುಂಗುಸಿ ಒಂದು ರಾತ್ರಿ ಒಳಗೆ ಬಂದರೆ ತಿನ್ನುವುದು ಒಂದನ್ನಾದರೂ ಕೊಲ್ಲುವುದು ಹಲವನ್ನು. ಆ ಒಂದು ರಾತ್ರಿಯ ನಷ್ಟ ಜಾಲರಿಯ ಬೆಲೆಗಿಂತ ಹೆಚ್ಚಿರುತ್ತದೆ.

ಒಳಗೆ ನೆಲಕ್ಕೆ ಎರಡು ಮೂರು ಇಂಚು ದಪ್ಪ ಭತ್ತದ ಹೊಟ್ಟು ಅಥವಾ ಮರದ ಹೊಟ್ಟು ಹರಡಿ, ಒದ್ದೆಯಾದಲ್ಲಿ ತೆಗೆದು ಹೊಸದನ್ನು ಹಾಕುತ್ತಿರಬೇಕು. ಕೂರಲು ಒಂದೂವರೆ ಇಂಚು ದಪ್ಪದ ದುಂಡನೆಯ ಗಳು, ಒಂದು ಕೋಳಿಗೆ ಎಂಟು ಇಂಚಿನಂತೆ. ಐದು ಹ್ಯಾಟೆಗೆ ಒಂದರಂತೆ, ಒಂದಡಿ ಉದ್ದ ಅಗಲ ಎತ್ತರದ ಮೊಟ್ಟೆ ಪೆಟ್ಟಿಗೆಯನ್ನು ಕತ್ತಲ ಮೂಲೆಯಲ್ಲಿಡಬೇಕು. ಇಲ್ಲದಿದ್ದರೆ ಕೋಳಿ ಬೇಲಿಯ ಸಂದಿಯಲ್ಲಿ ಇಟ್ಟ ಮೊಟ್ಟೆಯನ್ನು ನಮಗಿಂತ ಮೊದಲು ನಾಗರಹಾವು ಹುಡುಕುತ್ತದೆ. ಹೊಸದಾಗಿ ತಂದ ಕೋಳಿಗಳನ್ನು ವಾರದ ಮಟ್ಟಿಗೆ ಗೂಡಿನಲ್ಲೇ ಕೂಡಿಟ್ಟು ಬಿಟ್ಟರೆ ಆಮೇಲೆ ಹೊತ್ತು ಮುಳುಗುವಾಗ ತಾವೇ ಬಂದು ಸೇರುತ್ತವೆ. ಬಾಗಿಲು ಹಾಕುವ ಕೆಲಸವನ್ನು ಮನೆಯಲ್ಲಿ ಒಬ್ಬರ ಹೆಸರಿಗೆ ವಹಿಸಬೇಕು, ಏಕೆಂದರೆ ಎಲ್ಲರ ಕೆಲಸವಾದದ್ದು ಯಾರ ಕೆಲಸವೂ ಆಗುವುದಿಲ್ಲ.

ನಾಲ್ಕನೆಯ ಹಂತ: ಕಾವು ಮತ್ತು ಮೊದಲ ಎಂಟು ವಾರ

ಹಿತ್ತಲ ಕೋಳಿಯ ಲಾಭ ನಷ್ಟ ತೀರ್ಮಾನವಾಗುವುದು ಮರಿಗಳ ಮೊದಲ ಎಂಟು ವಾರಗಳಲ್ಲಿ. ಆಮೇಲೆ ಸಾಯುವ ಕೋಳಿಗಳು ಕಡಿಮೆ. ಸಾಮಾನ್ಯವಾಗಿ ಮರಿಗಳನ್ನು ತಾಯಿಯ ಪಾಡಿಗೆ ಬಿಡುವ ಮನೆಗಳಲ್ಲಿ ಹುಟ್ಟಿದ್ದರಲ್ಲಿ ಅರ್ಧವೂ ಉಳಿಯುವುದಿಲ್ಲ, ಮತ್ತು ಅದನ್ನು ಯಾರೂ ನಷ್ಟವೆಂದು ಬರೆದಿಡುವುದಿಲ್ಲ. ಆದ್ದರಿಂದ ಈ ಹಂತದ ಬಗ್ಗೆ ಹೆಚ್ಚು ಹೇಳಬೇಕಾಗಿದೆ.

ಕಾವಿಗಿಡುವ ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಿರಬಾರದು. ಅದುವರೆಗೆ ಅದನ್ನು ತಂಪಾದ ಜಾಗದಲ್ಲಿ, ಅಗಲದ ತುದಿ ಮೇಲಿರುವಂತೆ ಇಟ್ಟಿರಬೇಕು, ತೊಳೆಯಬಾರದು. ಹತ್ತು ಹ್ಯಾಟೆಗೆ ಒಂದು ಹುಂಜವಿದ್ದರೆ ಮೊಟ್ಟೆಗಳು ಫಲಿತವಾಗಿರುತ್ತವೆ. ಅದೇ ಹುಂಜವನ್ನು ವರ್ಷಗಟ್ಟಲೆ ಇಟ್ಟುಕೊಂಡರೆ ತನ್ನ ಮಕ್ಕಳನ್ನೇ ಕೂಡಿ ಮರಿಗಳು ಬಲಹೀನವಾಗುವುದರಿಂದ ವರ್ಷಕ್ಕೊಮ್ಮೆ ಬೇರೆ ಊರಿನ ನೆಂಟರೊಡನೆ ಹುಂಜ ಬದಲಾಯಿಸಿಕೊಳ್ಳುವುದು ಖರ್ಚಿಲ್ಲದ ತಳಿ ಸುಧಾರಣೆ.

ಹ್ಯಾಟೆಯನ್ನು ಕಾವಿಗೆ ಕೂರಿಸುವ ಮೊದಲು ಅದರ ಗರಿಯ ಬುಡದಲ್ಲಿ ಹೇನು ಇದೆಯೇ ನೋಡಿ ಚಿಕಿತ್ಸೆ ಮಾಡಬೇಕು, ಇಲ್ಲದಿದ್ದರೆ ಕಡಿತ ತಾಳದೆ ಅದು ನಡುವೆ ಎದ್ದುಹೋಗುತ್ತದೆ. ಬುಟ್ಟಿಗೆ ಮರಳು ಅಥವಾ ಬೂದಿ ಹಾಕಿ, ಮೇಲೆ ಒಣಹುಲ್ಲು ಹರಡಿ, ಹತ್ತರಿಂದ ಹನ್ನೆರಡು ಮೊಟ್ಟೆಯಿಟ್ಟು ರಾತ್ರಿಯ ಹೊತ್ತಿನಲ್ಲಿ ಕೂರಿಸಿದರೆ ಹ್ಯಾಟೆ ಬೇಗ ಒಗ್ಗಿಕೊಳ್ಳುತ್ತದೆ. ಎಷ್ಟು ಹ್ಯಾಟೆ ಕಾವಿಗೆ ಬಂದರೂ ಒಂದೇ ದಿನ ಕೂರಿಸಿದರೆ ಮರಿಗಳೆಲ್ಲ ಒಂದೇ ವಯಸ್ಸಿನವಾಗಿ, ಲಸಿಕೆ ಮತ್ತು ಮೇವಿನ ಕೆಲಸ ಒಟ್ಟಿಗೆ ಸಾಗುತ್ತದೆ. ಏಳನೆಯ ದಿನ ಕತ್ತಲಲ್ಲಿ ಮೊಬೈಲಿನ ಟಾರ್ಚನ್ನು ಮೊಟ್ಟೆಯ ಅಗಲದ ತುದಿಗೆ ಹಿಡಿದರೆ ಫಲಿತ ಮೊಟ್ಟೆಯಲ್ಲಿ ಜೇಡರ ಬಲೆಯಂತೆ ರಕ್ತನಾಳ ಕಾಣುತ್ತದೆ, ಕಾಣದ್ದನ್ನು ತೆಗೆದುಬಿಡಬೇಕು. ಇಪ್ಪತ್ತೊಂದನೆಯ ದಿನ ಮರಿಗಳು ಹೊರಬರುತ್ತವೆ.

ಮರಿ ಹುಟ್ಟಿದ ಮೇಲೆ ತಾಯಿಯನ್ನೂ ಮರಿಗಳನ್ನೂ ಕೂಡಲೇ ಅಂಗಳಕ್ಕೆ ಬಿಡುವುದೇ ನಮ್ಮಲ್ಲಿ ರೂಢಿ. ಕಾಗೆ, ಹದ್ದು, ಬೆಕ್ಕುಗಳಿಗೆ ಅದು ಆಹ್ವಾನ. ಮೊದಲ ನಾಲ್ಕು ವಾರವಾದರೂ ಮೇಲೆ ಬಲೆಯಿರುವ ಆವರಣದಲ್ಲಿ ಅವುಗಳನ್ನು ಇಡಬೇಕು. ತಾಯಿಯಿಲ್ಲದ, ಕೊಂಡು ತಂದ ಮರಿಗಳಾದರೆ ತಗಡು ಅಥವಾ ರಟ್ಟಿನ ದುಂಡನೆಯ ಆವರಣ ಮಾಡಿ, ಒಂದು ಮರಿಗೆ ಎರಡು ವ್ಯಾಟ್‌ನಂತೆ ಬಲ್ಬು ಕಟ್ಟಿ ಬಿಸಿ ಕೊಡಬೇಕು. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಉಷ್ಣಮಾಪಕ ಇಲ್ಲದಿದ್ದರೂ ಮರಿಗಳೇ ತಿಳಿಸುತ್ತವೆ: ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಚೀರುತ್ತಿದ್ದರೆ ಚಳಿ, ಗೋಡೆಗಂಟಿ ಬಾಯಿ ತೆರೆದಿದ್ದರೆ ಸೆಕೆ, ಎಲ್ಲೆಡೆ ಹರಡಿ ಮೇಯುತ್ತಿದ್ದರೆ ಹದವಾಗಿದೆ. ವಿದ್ಯುತ್ ಹೋಗುವ ಊರಿನಲ್ಲಿ ಇದ್ದಿಲ ಕುಂಡದ ಏರ್ಪಾಡನ್ನು ಮೊದಲೇ ಮಾಡಿಟ್ಟುಕೊಂಡು, ಹೊಗೆ ಹೊರಹೋಗಲು ದಾರಿ ಬಿಟ್ಟಿರಬೇಕು.

ಮರಿಗಳಿಗೆ ಶೇ. 20ರಷ್ಟು ಪ್ರೋಟೀನ್ ಇರುವ ಮರಿ ಆಹಾರವನ್ನು ಮೊದಲ ಆರು ವಾರ ಕೊಡುವುದು ವ್ಯರ್ಥ ಖರ್ಚಲ್ಲ. ಬರೀ ನುಚ್ಚಕ್ಕಿ, ರಾಗಿಯಲ್ಲಿ ಬೆಳೆದ ಮರಿ ಬದುಕಿದರೂ ಬೆಳೆಯುವುದಿಲ್ಲ. ತಾಯಿ ಜೊತೆಗಿದ್ದರೆ ಅದೇ ಎಲ್ಲವನ್ನೂ ತಿಂದುಬಿಡುವುದರಿಂದ, ಮರಿ ಮಾತ್ರ ನುಸುಳುವಷ್ಟು ಸಂದಿಯಿರುವ ಬುಟ್ಟಿಯನ್ನು ಬೋರಲು ಹಾಕಿ ಅದರೊಳಗೆ ಆಹಾರ ಇಡಬೇಕು. ನಾಲ್ಕು ವಾರದ ನಂತರ ಮರಿಗಳನ್ನು ತಾಯಿಯಿಂದ ಬೇರೆ ಮಾಡಿದರೆ ಹ್ಯಾಟೆ ಬೇಗ ಮತ್ತೆ ಮೊಟ್ಟೆಗೆ ಬರುತ್ತದೆ; ಮರಿಗಳ ಹಿಂದೆಯೇ ಮೂರು ತಿಂಗಳು ಅಲೆಯಲು ಬಿಟ್ಟರೆ ವರ್ಷಕ್ಕೆ ಒಂದು ಸಲದ ಮೊಟ್ಟೆ ಕೈತಪ್ಪಿದಂತೆ.

ಐದನೆಯ ಹಂತ: ಲಸಿಕೆ, ರೋಗ

ನಾಟಿ ಕೋಳಿಗೆ ರೋಗ ಬರುವುದಿಲ್ಲ ಎಂಬ ಮಾತನ್ನು ನಂಬಿದ ಮನೆಗಳಲ್ಲಿ ಬೇಸಿಗೆಯ ಒಂದು ವಾರದಲ್ಲಿ ಗೂಡೆಲ್ಲ ಬರಿದಾಗುವುದುಂಟು. ಅದು ಬಹುತೇಕ ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹಸಿರು ಬಿಳಿ ಹಿಕ್ಕೆ, ಬಾಯಿ ತೆರೆದು ಉಸಿರಾಟ, ತಿರುಚಿದ ಕತ್ತು ಇದರ ಗುರುತುಗಳು. ಬಂದ ಮೇಲೆ ಔಷಧವಿಲ್ಲ, ಲಸಿಕೆಯೊಂದೇ ದಾರಿ. ಸಾಮಾನ್ಯ ಕ್ರಮ ಹೀಗಿದೆ: ಐದರಿಂದ ಏಳನೆಯ ದಿನ ಕಣ್ಣಿಗೋ ಮೂಗಿಗೋ ಲಸೋಟಾ ಎಂಬ ರಾಣಿಖೇತ್ ಲಸಿಕೆಯ ಹನಿ, ಎರಡನೆಯ ವಾರದಲ್ಲಿ ಗಂಬೋರೊ (ಮರಿಗಳ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ವೈರಸ್ ರೋಗ) ಲಸಿಕೆ, ನಾಲ್ಕನೆಯ ವಾರದಲ್ಲಿ ಮತ್ತೆ ಲಸೋಟಾ, ಆರೇಳನೆಯ ವಾರದಲ್ಲಿ ಸಿಡುಬಿನ ಲಸಿಕೆ, ಎಂಟನೆಯ ವಾರದ ಹೊತ್ತಿಗೆ ಆರ್‌2ಬಿ ಎಂಬ ರಾಣಿಖೇತ್ ಚುಚ್ಚುಮದ್ದು. ನಿಮ್ಮ ಊರಿಗೆ ಹೊಂದುವ ದಿನಗಳನ್ನು ಹತ್ತಿರದ ಪಶು ಆಸ್ಪತ್ರೆಯ ವೈದ್ಯರಿಂದ ಬರೆಸಿಕೊಳ್ಳಬೇಕು.

ಸಣ್ಣ ಸಾಕಣೆದಾರರ ನಿಜವಾದ ತೊಡಕು ಬೇರೆಯದು. ಲಸಿಕೆಯ ಸೀಸೆಗಳು ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳಿಗಾಗುವಷ್ಟು ಬರುತ್ತವೆ, ಕರಗಿಸಿದ ಮೇಲೆ ಒಂದೆರಡು ಗಂಟೆಯೊಳಗೆ ಬಳಸಿ ಮುಗಿಸಬೇಕು, ಅಲ್ಲಿಯವರೆಗೂ ಮಂಜುಗಡ್ಡೆಯಲ್ಲಿರಬೇಕು. ಹತ್ತು ಕೋಳಿಗಾಗಿ ಒಂದು ಸೀಸೆ ಒಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಇದಕ್ಕೆ ಪರಿಹಾರ ಕೇರಿಯ ಐದಾರು ಮನೆಗಳು, ಅಥವಾ ಊರಿನ ಸ್ತ್ರೀಶಕ್ತಿ ಸಂಘ, ಒಂದೇ ದಿನ ಗೊತ್ತುಮಾಡಿ ಬೆಳಗಿನ ಜಾವ ಕೋಳಿಗಳನ್ನು ಗೂಡಿನಿಂದ ಬಿಡುವ ಮೊದಲೇ ಎಲ್ಲರ ಕೋಳಿಗೂ ಲಸಿಕೆ ಹಾಕಿಸುವುದು. ನೆರೆಮನೆಯ ಕೋಳಿಗೆ ರೋಗ ಬಂದರೆ ನಮ್ಮದು ಉಳಿಯುವುದೂ ಕಷ್ಟವಾದ್ದರಿಂದ ಇದರಲ್ಲಿ ಧರ್ಮಕಾರ್ಯಕ್ಕಿಂತ ಸ್ವಾರ್ಥವೇ ಹೆಚ್ಚಿದೆ.

ಮೂರರಿಂದ ಆರು ವಾರದ ಮರಿಗಳು ರಕ್ತ ಬೆರೆತ ಹಿಕ್ಕೆ ಹಾಕಿದರೆ ಅದು ರಕ್ತಭೇದಿ. ನೆಲಕ್ಕೆ ಹರಡಿದ ಒದ್ದೆ ಹೊಟ್ಟು ಅದರ ತವರು. ಹೊಟ್ಟು ಬದಲಿಸಿ, ವೈದ್ಯರು ಹೇಳಿದ ಔಷಧವನ್ನು ನೀರಿನಲ್ಲಿ ಕೊಡಬೇಕು. ಬಿಟ್ಟು ಮೇಯುವ ಕೋಳಿಗಳಿಗೆ ಜಂತುಹುಳು ತಪ್ಪಿದ್ದಲ್ಲ, ಎರಡು ಮೂರು ತಿಂಗಳಿಗೊಮ್ಮೆ ಜಂತುನಾಶಕ ಬೇಕು. ಸಂತೆಯಲ್ಲಿ ಮಾರಾಟವಾಗದ ಕೋಳಿಯನ್ನು ತಂದು ನೇರವಾಗಿ ಗುಂಪಿಗೆ ಬಿಡುವುದು ರೋಗವನ್ನು ಕೈಯಾರೆ ಮನೆಗೆ ತಂದಂತೆ. ಎರಡು ಮೂರು ವಾರ ಬೇರೆ ಇಡಬೇಕು. ಸತ್ತ ಕೋಳಿಯನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಹಲವು ಕೋಳಿಗಳು ಒಮ್ಮೆಗೇ ಸತ್ತರೆ ಮುಟ್ಟದೆ ಪಶು ಇಲಾಖೆಗೆ ತಿಳಿಸಬೇಕು: 2012ರಲ್ಲಿ ಹಕ್ಕಿಜ್ವರ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಕೇಂದ್ರಕ್ಕೇ ಬಂದಿತ್ತೆಂಬುದನ್ನು ನೆನೆದರೆ ಯಾವ ಹಿತ್ತಲೂ ಅದಕ್ಕೆ ಹೊರತಲ್ಲ.

ಆರನೆಯ ಹಂತ: ಕೈಯಿಂದ ಹಾಕುವ ಮೇವು

ಬೆಳೆದ ಕೋಳಿಗೆ ದಿನಕ್ಕೆ 110ರಿಂದ 120 ಗ್ರಾಂ ಆಹಾರ ಬೇಕು. ನಾಟಿಗೆ 30ರಿಂದ 50 ಗ್ರಾಂ, ಭಾರದ ಸುಧಾರಿತ ತಳಿಗೆ ಮೊಟ್ಟೆಯಿಡುವ ಕಾಲದಲ್ಲಿ 80 ಗ್ರಾಂವರೆಗೆ ನಾವು ಹಾಕಿದರೆ ಉಳಿದದ್ದನ್ನು ಅದು ಹುಡುಕಿಕೊಳ್ಳುತ್ತದೆ. ಬೆಳಗ್ಗೆ ಸ್ವಲ್ಪವೇ ಹಾಕಿ, ಸಂಜೆ ಹೆಚ್ಚು ಹಾಕಬೇಕು. ಬೆಳಗ್ಗೆ ಹೊಟ್ಟೆ ತುಂಬಿದ ಕೋಳಿ ಜಗಲಿಯ ನೆರಳಿನಲ್ಲೇ ಕುಳಿತು, ಪುಕ್ಕಟೆ ಮೇವನ್ನು ಹುಡುಕಲು ಹೋಗುವುದಿಲ್ಲ.

ರಾಗಿ, ಮುಸುಕಿನ ಜೋಳದ ನುಚ್ಚು, ಅಕ್ಕಿ ತೌಡು ಶಕ್ತಿಗೆ ಸಾಕು. ಕೊರತೆ ಬೀಳುವುದು ಪ್ರೋಟೀನು ಮತ್ತು ಸುಣ್ಣದ ಅಂಶ. ಪ್ರೋಟೀನಿಗೆ ಅಜೋಲ್ಲಾ (ನೀರಿನ ಮೇಲೆ ತೇಲುತ್ತ ಬೆಳೆಯುವ ಸಣ್ಣ ಜರೀಗಿಡ) ತೊಟ್ಟಿ ಮಾಡಬಹುದು. ಅದಕ್ಕಿಂತಲೂ ಹಳೆಯ ಉಪಾಯ ಗೆದ್ದಲು ಹಿಡಿಯುವುದು: ಹಳೆಯ ಮಡಕೆಯಲ್ಲಿ ಒಣಹುಲ್ಲು, ಸಗಣಿ, ಹರಿದ ಗೋಣಿ ತುಂಬಿ ನೀರು ಚಿಮುಕಿಸಿ, ಗೆದ್ದಲು ಓಡಾಡುವ ಜಾಗದಲ್ಲಿ ಸಂಜೆ ಬೋರಲಿಟ್ಟರೆ ಬೆಳಗ್ಗೆ ಮಡಕೆಯೊಳಗೆ ಗೆದ್ದಲು ತುಂಬಿರುತ್ತದೆ. ಶೇಂಗಾ ಹಿಂಡಿ ಒಳ್ಳೆಯದೇ, ಆದರೆ ಬೂಷ್ಟು ಹಿಡಿದ ಹಿಂಡಿಯ ವಿಷ ಕೋಳಿಯ ಯಕೃತ್ತನ್ನು ಕೆಡಿಸುವುದರಿಂದ ಮಳೆಗಾಲದಲ್ಲಿ ಸಂಗ್ರಹಿಸಿಡಬಾರದು. ಮೊಟ್ಟೆಯಿಡುವ ಕೋಳಿಗೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಿನಲ್ಲಿಟ್ಟರೆ ಬೇಕಾದಷ್ಟನ್ನು ತಾನೇ ತಿನ್ನುತ್ತದೆ. ತೋಟಕ್ಕೆ ಔಷಧ ಹೊಡೆದ ದಿನಗಳಲ್ಲಿ, ಇಲಿಪಾಷಾಣ ಇಟ್ಟಾಗ, ಔಷಧ ಲೇಪಿಸಿದ ಬೀಜ ಬಿತ್ತಿದಾಗ ಕೋಳಿಗಳನ್ನು ಕೂಡಿಹಾಕಲೇಬೇಕು.

ಏಳನೆಯ ಹಂತ: ವರ್ಷದ ಲೆಕ್ಕ

ಕೆಳಗಿನ ಬೆಲೆಗಳೆಲ್ಲ ಉದಾಹರಣೆಗಾಗಿ ಹಿಡಿದವು. ನಿಮ್ಮ ಸಂತೆಯ ಬೆಲೆಯನ್ನು ಹಾಕಿ ಮತ್ತೆ ಕೂಡಿ ನೋಡಬೇಕು.

ಐದು ನಾಟಿ ಹ್ಯಾಟೆ, ಒಂದು ಹುಂಜ ಇವೆಯೆನ್ನೋಣ. ವರ್ಷಕ್ಕೆ ಒಟ್ಟು 250 ಮೊಟ್ಟೆ. ಪ್ರತಿ ಹ್ಯಾಟೆಯನ್ನೂ ಎರಡು ಸಲ, ಸಲಕ್ಕೆ 12 ಮೊಟ್ಟೆಯಂತೆ ಕಾವಿಗೆ ಕೂರಿಸಿದರೆ 120 ಮೊಟ್ಟೆ; ಶೇ. 80 ಒಡೆದರೆ 96 ಮರಿ. ಮೇಲೆ ಹೇಳಿದ ಆರೈಕೆಯಿಂದ ಶೇ. 70 ಉಳಿದರೆ 67 ಕೋಳಿ. ಏಳನ್ನು ಮನೆಗೆ ಇಟ್ಟುಕೊಂಡು 60ನ್ನು, ತಲಾ 1.2 ಕಿಲೋ ತೂಕ, ಕಿಲೋಗೆ 350 ರೂಪಾಯಿಯಂತೆ ಮಾರಿದರೆ 25,200 ರೂಪಾಯಿ. ಉಳಿದ 130 ಮೊಟ್ಟೆಗೆ 12 ರೂಪಾಯಿಯಂತೆ 1,560. ಒಟ್ಟು ಆದಾಯ 26,760. ಖರ್ಚಿನ ಕಡೆ ಮರಿ ಆಹಾರ 80 ಕಿಲೋಗೆ 3,200, ಬೆಳೆಯುವ ಕೋಳಿಗಳಿಗೆ ನಾಲ್ಕು ತಿಂಗಳ ಕಾಳು ಸುಮಾರು 6,750, ದೊಡ್ಡ ಕೋಳಿಗಳ ವರ್ಷದ ಕಾಳು 3,070, ಲಸಿಕೆ ಔಷಧಕ್ಕೆ 1,000, ಹನ್ನೆರಡು ಸಾವಿರದ ಗೂಡನ್ನು ಆರು ವರ್ಷಕ್ಕೆ ಹಂಚಿದರೆ 2,000, ಒಟ್ಟು 16,020. ಉಳಿಕೆ 10,740 ರೂಪಾಯಿ.

ಇದೇ ಮನೆಯವರು ಮರಿ ಆಹಾರವನ್ನೂ ಲಸಿಕೆಯನ್ನೂ ಉಳಿಸಿ, ಮರಿಗಳನ್ನು ತಾಯಿಯ ಪಾಡಿಗೆ ಬಿಟ್ಟು, ಶೇ. 40 ಮಾತ್ರ ಉಳಿದವೆನ್ನಿ. ಆಗ ಮಾರಲು 31 ಕೋಳಿ. ಆದಾಯ 14,580ಕ್ಕೆ ಇಳಿಯುತ್ತದೆ, ಖರ್ಚು 8,900ರ ಸುಮಾರು, ಉಳಿಕೆ 5,680. ನಾಲ್ಕು ಸಾವಿರದ ಆಸುಪಾಸಿನ ಖರ್ಚನ್ನು ತಪ್ಪಿಸಲು ಹೋಗಿ ಲಾಭದ ಹೆಚ್ಚುಕಡಿಮೆ ಅರ್ಧವನ್ನು ಕಳೆದುಕೊಂಡಂತಾಯಿತು.

ಈಗ ಮೊಟ್ಟೆಗಾಗಿ ಒಂದು ತಿಂಗಳ ವಯಸ್ಸಿನ ಮೂವತ್ತು ಸುಧಾರಿತ ಮರಿಗಳನ್ನು 110 ರೂಪಾಯಿಯಂತೆ ತಂದವರ ಲೆಕ್ಕ. 26 ಉಳಿದು, ಅವುಗಳಲ್ಲಿ 13 ಹುಂಜ. ಒಂದನ್ನು ಇಟ್ಟುಕೊಂಡು ಹನ್ನೆರಡನ್ನು 500ರಂತೆ ಮಾರಿದರೆ 6,000. ಹದಿಮೂರು ಹ್ಯಾಟೆ 130ರಂತೆ 1,690 ಮೊಟ್ಟೆಯಿಟ್ಟರೆ, ಹತ್ತು ರೂಪಾಯಿಯಂತೆ 16,900. ಮೊಟ್ಟೆ ಮುಗಿದ ಹನ್ನೆರಡು ಹ್ಯಾಟೆಗಳಿಂದ 5,400. ಒಟ್ಟು 28,300. ಖರ್ಚಿನಲ್ಲಿ ಮರಿಗಳಿಗೆ 3,300, ಔಷಧಕ್ಕೆ 1,000, ಗೂಡಿಗೆ 2,500. ಮೇವು ಎಲ್ಲ ಸೇರಿ 614 ಕಿಲೋ, 30 ರೂಪಾಯಿಯಂತೆ 18,420. ಉಳಿಯುವುದು 3,080 ರೂಪಾಯಿ, ಅದೂ ಹದಿನೇಳು ತಿಂಗಳಿಗೆ. ಆ ಮೇವಿನಲ್ಲಿ ಅರ್ಧ ಮನೆಯ ರಾಗಿ, ಕಣದ ಗುಡಿಸಿದ ಕಾಳು, ತೌಡು, ಅಜೋಲ್ಲಾಗಳಿಂದ ಬಂದರೆ ಉಳಿಕೆ 12,290ಕ್ಕೆ ಏರುತ್ತದೆ. ಅಂಗಡಿಯ ಚೀಲವನ್ನೇ ನಂಬಿದವರಿಗೂ ಹಿತ್ತಲನ್ನು ನಂಬಿದವರಿಗೂ ಇರುವ ಅಂತರ ಇಷ್ಟು.

ಎರಡೂ ಲೆಕ್ಕಗಳಲ್ಲಿ ಕೂಲಿ ಸೇರಿಲ್ಲ. ದಿನಕ್ಕೆ ಒಂದು ಗಂಟೆಯ ಕೆಲಸವೆಂದರೂ ನಾಟಿಯ ಲೆಕ್ಕದಲ್ಲಿ ಗಂಟೆಗೆ 30 ರೂಪಾಯಿಯೂ ಸಿಗುವುದಿಲ್ಲ. ಇದಕ್ಕೆಂದೇ ಆಳು ಇಡುವಂತಿದ್ದರೆ ಈ ಸಾಕಣೆ ಬೇಡ. ಅಂಗಳ ಗುಡಿಸುವಾಗ, ಹಾಲು ಕರೆಯಲು ಹೋಗುವಾಗ, ಅಜ್ಜಿಯೋ ಮಕ್ಕಳೋ ನಡುನಡುವೆ ಮಾಡಿ ಮುಗಿಸುವ ಕೆಲಸವಾದಾಗ ಮಾತ್ರ ಇದು ಲಾಭ. ರಾಷ್ಟ್ರೀಯ ಜಾನುವಾರು ಮಿಷನ್ನಿನ 2021ರ ಪರಿಷ್ಕೃತ ಯೋಜನೆಯಲ್ಲಿ ಗ್ರಾಮೀಣ ಕೋಳಿ ಉದ್ಯಮಕ್ಕೆ ಶೇ. 50ರಷ್ಟು, 25 ಲಕ್ಷದವರೆಗೆ ಸಹಾಯಧನವಿದೆ ಎಂದು ಕೇಳಿ ಹಲವರು ಉತ್ಸಾಹಗೊಳ್ಳುತ್ತಾರೆ. ಅದು ಸಾವಿರ ತಾಯಿಕೋಳಿಗಳಿಂದ ಮರಿ ಉತ್ಪಾದಿಸುವ ಉದ್ಯಮಕ್ಕೆ, ಹಿತ್ತಲಿಗಲ್ಲ.

ಹಣದ ರೂಪದಲ್ಲಿ ಕಾಣದ ಲಾಭಗಳೂ ಇವೆ. ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಒಬ್ಬರಿಗೆ ವರ್ಷಕ್ಕೆ 180 ಮೊಟ್ಟೆ ಎಂದು ಹೇಳುತ್ತದೆ. ನಾಲ್ಕು ಜನರ ಮನೆಗೆ 720. ಆದ್ದರಿಂದ ಮೊದಲ ಗಿರಾಕಿ ನಮ್ಮ ಮನೆಯೇ ಆಗಬೇಕು. ಹಿಕ್ಕೆ ಬೆರೆತ ಹೊಟ್ಟು ಸಾರಜನಕ ಹೆಚ್ಚಿರುವ ಗೊಬ್ಬರ, ಕೊಳೆಸಿ ಹಾಕಿದರೆ ತೆಂಗಿಗೂ ತರಕಾರಿಗೂ ಒಳ್ಳೆಯದು. ಕೊಟ್ಟಿಗೆಯ ಸುತ್ತ ಕೋಳಿಗಳಿದ್ದರೆ ದನದ ಉಣ್ಣೆಹುಳು ಕಡಿಮೆಯಾಗುತ್ತದೆ. ಆದರೆ ನಾಟಿ ಮೊಟ್ಟೆಯಲ್ಲಿ ಫಾರಂ ಮೊಟ್ಟೆಗಿಂತ ಎಷ್ಟೋ ಪಟ್ಟು ಪ್ರೋಟೀನ್ ಇದೆಯೆಂದು ಗಿರಾಕಿಗೆ ಹೇಳುವುದು ಸರಿಯಲ್ಲ. ಮೊಟ್ಟೆಯ ಹಳದಿ ಭಾಗದ ಗಾಢ ಬಣ್ಣ ಹಸಿರು ಸೊಪ್ಪಿನಿಂದ ಬರುತ್ತದೆ. ಪ್ರೋಟೀನ್ ಪ್ರಮಾಣ ತೂಕಕ್ಕೆ ತೂಕ ಹೆಚ್ಚುಕಡಿಮೆ ಒಂದೇ. ರುಚಿ ಮತ್ತು ಸಾಕಿದ ರೀತಿ, ಇವೆರಡನ್ನು ಹೇಳಿದರೇ ಹೆಚ್ಚಿನ ಬೆಲೆಗೆ ಸಾಕಷ್ಟು ಸಮರ್ಥನೆಯಿದೆ.

ಕೊನೆಯ ಹಂತ: ಯಾವಾಗ ಮಾರುವುದು

ನಾಟಿ ಕೋಳಿಯ ಬೆಲೆ ಪಂಚಾಂಗದ ಜೊತೆ ಏರಿಳಿಯುತ್ತದೆ. ಶ್ರಾವಣದಲ್ಲಿ ಕೇಳುವವರು ಕಡಿಮೆ. ಮಹಾಲಯ ಅಮಾವಾಸ್ಯೆ, ಮಾರಿ ಹಬ್ಬ, ಊರ ಜಾತ್ರೆ, ಹಳೇ ಮೈಸೂರಿನ ಕಡೆ ಯುಗಾದಿಯ ಮರುದಿನದ ಹೊಸತೊಡಕಿಗೆ ಕೇಳಿದಷ್ಟು ಬೆಲೆ. ಮಾರುವ ದಿನದಿಂದ ಹಿಂದಕ್ಕೆ ಎಣಿಸಿ ಕಾವಿಗೆ ಕೂರಿಸಬೇಕು. ನಾಟಿ ಮರಿ ಮಾರಾಟದ ತೂಕಕ್ಕೆ ಬರಲು ಐದಾರು ತಿಂಗಳು, ಕಾವಿಗೆ ಮೂರು ವಾರ. ಹಾಗಾಗಿ ಹೊಸತೊಡಕಿಗೆ ಬೇಕಾದ ಕೋಳಿಯ ಮೊಟ್ಟೆ ಸೆಪ್ಟೆಂಬರಿನಲ್ಲೇ ಬುಟ್ಟಿಗೆ ಹೋಗಬೇಕು. ಮಳೆ ಹಿಂದೆ ಸರಿಯುವ ಕಾಲವಾದ್ದರಿಂದ ಮರಿಗಳಿಗೂ ಅದು ಅನುಕೂಲ. ಮಹಾಲಯಕ್ಕಾದರೆ ಮಾರ್ಚಿನಲ್ಲಿ ಕೂರಿಸಬೇಕಾಗುತ್ತದೆ. ಆ ಮರಿಗಳಿಗೆ ಬೇಸಿಗೆಯಲ್ಲಿ ನೆರಳು ಮತ್ತು ತಣ್ಣೀರಿನ ಏರ್ಪಾಡೂ, ಕೊಕ್ಕರೆ ರೋಗದ ಲಸಿಕೆಯೂ ತಪ್ಪಬಾರದು.

ಮನೆ ಬಾಗಿಲಿಗೆ ಬರುವ ದಲ್ಲಾಳಿ ಕೋಳಿಯನ್ನು ಕೈಯಲ್ಲಿ ಎತ್ತಿ ನೋಡಿ ಬೆಲೆ ಹೇಳುತ್ತಾನೆ, ಅವನ ಅಂದಾಜು ಯಾವಾಗಲೂ ಅವನ ಪರವಾಗಿಯೇ ಇರುತ್ತದೆ. ಕೊಕ್ಕೆಯ ತೂಕದ ಯಂತ್ರವೊಂದನ್ನು ಕೊಂಡಿಟ್ಟುಕೊಂಡು, ಅವನ ಎದುರಿಗೇ ತೂಗಿ, ಕಿಲೋ ಲೆಕ್ಕದಲ್ಲಿ ಮಾರಬೇಕು. ಎರಡು ವರ್ಷ ದಾಟಿದ ಹ್ಯಾಟೆಗಳಲ್ಲಿ ಕಾವು ಚೆನ್ನಾಗಿ ಕೂತು ಮರಿ ಉಳಿಸುವ ಒಂದೆರಡನ್ನು ಇಟ್ಟುಕೊಂಡು ಉಳಿದವನ್ನು ಹಬ್ಬದ ಬೆಲೆಯಲ್ಲೇ ಕೊಟ್ಟುಬಿಟ್ಟರೆ, ಬೇಸಿಗೆಯಲ್ಲಿ ಮೇವು ಕಡಿಮೆಯಾಗುವ ಹೊತ್ತಿಗೆ ಹಿತ್ತಲ ಮೇಲಿನ ಹೊರೆಯೂ ಇಳಿದಿರುತ್ತದೆ.